ತೊಂಬತ್ತೆಂಟು ನಂಬರಿನ ಪೆಟ್ರೋಲು

ನಮ್ಮ ಯಜಮಾನರು ಸುಳ್ಳು ಹೇಳುವವರಲ್ಲ. ಎದುರಿಗಿದ್ದವರು ಹೇಳಿದ್ದಕ್ಕೆ ಹೌದು ಎನ್ನುವವರು, ಅಷ್ಟೆ. ಈ ಎರಡರ ನಡುವಿನ ವ್ಯತ್ಯಾಸವನ್ನು ಜಾವಾದ ಸಲತಿಗಾ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಮನೆಗೆ ಬಂದವರ ಮುಖದ ಮೇಲೆ ‘ಇಲ್ಲ’ ಎನ್ನುವುದು ಅವರ ತಟ್ಟೆಗೆ ಕೈಹಾಕಿ ತಿಂಡಿ ಕಸಿದುಕೊಂಡಷ್ಟೇ ಒರಟು. ಹೀಗಾಗಿ ವರ್ಷಾನುಗಟ್ಟಲೆ ಮಕ್ಕಳಿಗೆ ಭೂಗೋಳ ಪಾಠ ಮಾಡಿದ ನಮ್ಮವರು, ಯಾರಾದರೂ ಹಿರಿಯರು ಬಂದು ಸೂರ್ಯ ಉತ್ತರದಲ್ಲಿ ಹುಟ್ಟುತ್ತಾನೆ ಎಂದರೂ, ಕೆಲವು ತಿಂಗಳು ಸ್ವಲ್ಪ ಆ ಕಡೆಗೇ ಹುಟ್ಟುತ್ತಾನೆ ಎಂದು ಒಪ್ಪಿಕೊಂಡು, ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಸುತ್ತಿದ್ದರು.

ನಮ್ಮ ಮಗಳು ಪಿನಸ್ತಿಯನ್ನು ತಮ್ಮ ಮಗನಿಗೆ ಕೇಳಲು ಅಂಬರಾವಾ ಊರಿನಿಂದ ಪಾಕ್ ಸುತೆಜೊ, ಅವರ ಹೆಂಡತಿ ಬು ಸುತೆಜೊ ಬಂದ ದಿನವೂ ಹೀಗೇ ಆಯಿತು. ಹುಡುಗ ಗಲಿಹ್ ನಮಗೆಲ್ಲ ಒಪ್ಪಿಗೆಯಾಗಿದ್ದ. ಪಾಕ್ ಸುತೆಜೊ ಮಾತ್ರ ನಮಗೆ ಹೊಸಬರು. ಅವರ ಬಗ್ಗೆ ಗೊತ್ತಿದ್ದುದು ಇಷ್ಟೇ: ರೈಲ್ವೆ ನೌಕರಿಯಿಂದ ನಿವೃತ್ತರು, ಅಂಬರಾವಾದ ಹಳೇ ಸ್ಕೂಟರ್ ಸಂಘಕ್ಕೆ ಹಿರಿಯರು, ಕಡಿಮೆ ಮಾತಿನವರು.

ಆ ಕಡಿಮೆ ಮಾತಿನವರು ನಮ್ಮ ಜಗುಲಿಗೆ ಕಾಲಿಟ್ಟವರೇ, ಮೂಲೆಯಲ್ಲಿ ಹಳೆಯ ಬಾತಿಕ್ ಬಟ್ಟೆ ಹೊದ್ದು ನಿಂತಿದ್ದ ನಮ್ಮ ಮಾವನವರ ಕಾಲದ ಸ್ಕೂಟರ್ ನೋಡಿ, ಹುಡುಗಿಯನ್ನು ಮರೆತರು.

“ಪಾಕ್ ಕುಂಚೊರೊ! ಇದು ನಿಮ್ದಾ?”

“ಅಪ್ಪಂದು. ಈಗ ನಾನೇ ಓಡಿಸ್ತೀನಿ,” ಎಂದರು ನಮ್ಮವರು.

ಪಾಕ್ ಸುತೆಜೊ ಹೊದಿಕೆ ಸರಿಸಿ, ಮಗುವಿನ ಕೆನ್ನೆ ಸವರುವಂತೆ ಸ್ಕೂಟರಿನ ಪಕ್ಕೆ ಸವರಿದರು. “ಏನು ಕುಡಿಸ್ತೀರಿ ಇದಕ್ಕೆ?”

ಆ ಸ್ಕೂಟರ್ ಹುಟ್ಟಿದಂದಿನಿಂದ ಕುಡಿದದ್ದು ಒಂದೇ. ಬೀದಿಯ ತುದಿಯಲ್ಲಿ ನಮ್ಮವರ ದೊಡ್ಡಪ್ಪನ ಮಗಳು, ಅಕ್ಕ ಎನ್ನುವ ಅರ್ಥದಲ್ಲಿ ನಾವು ‘ಯು’ ಎಂದು ಕರೆಯುವ ಯಾತ್ಮಿ, ತನ್ನ ಅಂಗಡಿಯ ಮುಂದೆ ಗಾಜಿನ ಬಾಟಲಿಗಳಲ್ಲಿ ಸಾಲಾಗಿ ಇಟ್ಟು ಮಾರುವ ಸಾದಾ ಪೆಟ್ರೋಲು. ಆದರೆ ಬೀಗರಾಗಲಿರುವವರ ಮುಖದಲ್ಲಿ ಎಂಥ ಆಸೆ ಇತ್ತೆಂದರೆ, ನಮ್ಮವರಿಗೆ ಆ ಬಾಟಲಿಗಳ ಹೆಸರೆತ್ತಲು ನಾಲಿಗೆ ಬರಲಿಲ್ಲ. ಪೆಟ್ರೋಲ್ ಬಂಕಿನ ಬೋರ್ಡಿನಲ್ಲಿ ಎಲ್ಲಕ್ಕಿಂತ ಮೇಲಿರುವ ನಂಬರು ನೆನಪಾಯಿತು.

“ತೊಂಬತ್ತೆಂಟು,” ಎಂದರು.

“ತೊಂಬತ್ತೆಂಟಾ!” ಪಾಕ್ ಸುತೆಜೊ ಹೆಂಡತಿಯ ಕಡೆ ತಿರುಗಿದರು. “ಕೇಳಿದ್ಯಾ? ಹಾಗಾದ್ರೆ ಇಂಜಿನ್ ಟ್ಯೂನ್ ಮಾಡಿಸಿದ್ದೀರಿ!”

“ಹೂಂ.”

“ಸಿಲಿಂಡರ್ ಹೆಡ್ ಅರೆಸಿ ತೆಳ್ಳಗೆ ಮಾಡಿಸಿದ್ದೀರಾ?”

“ಹೂಂ, ಹೂಂ.”

“ಪೋರ್ಟ್ ಅಗಲ ಮಾಡಿಸಿದ್ದೀರಾ?”

“ಅದನ್ನ ಬಿಡೋಕಾಗುತ್ತಾ?”

“ಕಾರ್ಬೊರೇಟರ್? ದೊಡ್ಡದು ಹಾಕಿರಬೇಕಲ್ಲ, ಎಷ್ಟಿದೆ?”

ನಮ್ಮವರು ಎರಡೂ ಕೈ ಚಾಚಿ, ಸಾಧಾರಣ ಗಾತ್ರದ ಒಂದು ಹಲಸಿನಕಾಯಿಯನ್ನು ತೋರಿಸಿದರು. ಅದು ತಮಾಷೆಯೆಂದು ತಿಳಿದು ಪಾಕ್ ಸುತೆಜೊ ಮನಸಾರೆ ನಕ್ಕರು. ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ನನಗೆ ನಗು ಬರಲಿಲ್ಲ. ಸ್ಟಾರ್ಟ್ ಮಾಡಿ ಶಬ್ದ ಕೇಳಿಸಿ ಎಂದು ಅವರು ಇನ್ನೇನು ಕೇಳಬೇಕು, ಅಷ್ಟರಲ್ಲಿ ಮಸೀದಿಯಿಂದ ಸಂಜೆಯ ಬಾಂಗ್ ಕೇಳಿಸಿ ಎಲ್ಲರೂ ಎದ್ದರು. ಆ ಸಂಜೆಯ ಪ್ರಾರ್ಥನೆಯಷ್ಟು ಮನಸ್ಸಿಟ್ಟು ನಾನು ಹಿಂದೆಂದೂ ಪ್ರಾರ್ಥಿಸಿದ್ದಿಲ್ಲ.

ಹೊರಡುವಾಗ ಪಾಕ್ ಸುತೆಜೊ ಹೇಳಿದರು: “ರುವಾಹ್ ತಿಂಗಳು ಬಂತಲ್ಲ. ರಂಜಾನ್ ಉಪವಾಸ ಶುರುವಾಗೋ ಮುಂಚೆ ನಿಮ್ಮಜ್ಜನ ಸಮಾಧಿ ಗುಡಿಸಿ ಹೂ ಹಾಕೋಕೆ ಕೊಪೆಂಗ್ ಮೇಲಕ್ಕೆ ಹೋಗ್ತೀರಂತೆ. ನಾವೂ ಬರ್ತೀವಿ. ಹಿರಿಯರ ಮುಂದೇನೇ ಮದುವೆ ದಿನ ಗೊತ್ತು ಮಾಡೋಣ. ಅಲ್ಲೀವರೆಗೂ ಇದು ಬಾಯಿಮಾತು ಅಂತ ಇಟ್ಕೊಳ್ಳಿ. ಇಬ್ರೂ ಸ್ಕೂಟರಲ್ಲೇ ಹೋಗೋಣ, ಟ್ಯೂನ್ ಮಾಡಿದ ಎರಡು ಇಂಜಿನ್ ಜೊತೆಜೊತೆಗೆ ಮೆರ್ಬಾಬು ಬೆಟ್ಟ ಹತ್ತೋದನ್ನ ಕೇಳೋಕೆ ಪುಣ್ಯ ಬೇಕು.”

“ಹೂಂ,” ಎಂದರು ನಮ್ಮವರು.

“ನಿಮ್ಮನ್ನ ನೋಡಿ ಖುಷಿಯಾಯ್ತು ಪಾಕ್. ಹೋದ ವರ್ಷ ಒಬ್ಬ ತನ್ನ ಇಂಜಿನ್ ಬಗ್ಗೆ ಸುಳ್ಳು ಹೇಳಿದ. ಸಂಘದಿಂದ ಆಚೆ ಹಾಕಿದ್ವಿ. ಇಂಜಿನ್ ವಿಷಯದಲ್ಲಿ ಸುಳ್ಳು ಹೇಳೋನು ಇನ್ನು ಯಾವುದರಲ್ಲಿ ಹೇಳಲ್ಲ?”

“ಹೌದೌದು. ಅಂಥೋರನ್ನ ನಂಬಬಾರದು,” ಎಂದರು ನಮ್ಮವರು, ಮುಖದಲ್ಲಿ ನಿಜವಾದ ನೋವಿನೊಂದಿಗೆ.

ಬೀಗರು ಬೀದಿ ತಿರುಗಿದ ಮೇಲೆ ನಾನು ನಮ್ಮವರನ್ನು ಕೇಳಿದೆ, “ಪಾಕ್ನೆ, ಸಿಲಿಂಡರ್ ಹೆಡ್ ಅಂದ್ರೆ ಯಾವುದು?”

ಅವರು ಸ್ಕೂಟರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಸ್ವಲ್ಪ ಹೊತ್ತು ಯೋಚಿಸಿ, ಮುಂದಿನ ದೀಪವನ್ನು ತೋರಿಸಿದರು.

ನಮ್ಮ ಬೀದಿಯಲ್ಲಿ ಸುದ್ದಿ ಹರಡಲು ಗಾಳಿಯೂ ಬೇಕಾಗಿಲ್ಲ. ಮರುದಿನ ಬೆಳಿಗ್ಗೆ ಅಡುಗೆಗೆ ಸೋಯಾಕಾಳಿನ ಟೆಂಪೆ ತರಲು ಹೋದರೆ ಯು ಯಾತ್ಮಿ ನನಗೆ ಬೆನ್ನು ಹಾಕಿ ನಿಂತು, ಪೆಟ್ರೋಲ್ ಬಾಟಲಿಗಳನ್ನು ಒಂದೊಂದಾಗಿ ಒರೆಸುತ್ತಿದ್ದಳು.

“ನಮ್ಮ ಬಾಟ್ಲಿ ಕುಡಿದೇ ನಿನ್ನ ಗಂಡ ಇಷ್ಟು ವರ್ಷ ಸ್ಕೂಲಿಗೆ ಹೋಗಿದ್ದು,” ಎಂದಳು ಬಾಟಲಿಗೆ. “ಈಗ ತೊಂಬತ್ತೆಂಟು ಬೇಕಂತೆ. ಅಂಬರಾವಾ ಬೀಗರು ಬಂದ್ರಲ್ಲ. ಇರ್ಲಿ. ಬಡವರ ಪೆಟ್ರೋಲು ಬಡವರ ಗಾಡಿಗೆ.”

“ಯು, ಹಾಗಲ್ಲ…”

“ಟೆಂಪೆನೂ ತೊಂಬತ್ತೆಂಟಿಂದೇ ಬೇಕಾ? ನನ್ನ ಹತ್ರ ಸಾದಾ ಇರೋದು.”

ಸಂಜೆಗೆ ಪಾಕ್ ಮರ್ದಿ ಬಂದರು. ಅವರು ನಮ್ಮ ಬೀದಿಯ ಮುಖ್ಯಸ್ಥರು. ಹುಟ್ಟಿದವರ ದಾಖಲೆಯಿಂದ ಹಿಡಿದು ರಾತ್ರಿ ಕಾವಲಿನ ಸರದಿಯವರೆಗೆ ಎಲ್ಲಕ್ಕೂ ಅವರ ಮೊಹರು ಬೇಕು. ಮೊಹರು ಬೇಕಾಗಿಲ್ಲದ ಕಡೆಗೂ ಅವರು ಬರುತ್ತಾರೆ.

“ಪಾಕ್ ಕುಂಚೊರೊ, ಇದು ಬರೀ ನಿಮ್ಮ ಮನೆ ವಿಷಯ ಅಲ್ಲ,” ಎಂದರು ಕುರ್ಚಿ ಎಳೆದುಕೊಂಡು. “ಅಂಬರಾವಾದೋರ ಮುಂದೆ ಇದು ನಮ್ಮ ಬೀದಿ ಮರ್ಯಾದೆ. ಬೆಟ್ಟದ ಮೇಲೆ ನಮ್ಮ ಸ್ಕೂಟರ್ ಕೆಮ್ಮಿದ್ರೆ ಯಾರ ಮುಖ ಕೆಂಪಾಗುತ್ತೆ? ನಮ್ಮೆಲ್ಲರದೂ. ವಿಮಾನದ ಪೆಟ್ರೋಲ್ ಹಾಕಿದ್ರೆ ಹೇಗೆ? ನನ್ನ ಷಡ್ಡಕನ ಪಕ್ಕದ ಮನೆಯೋರು ವಿಮಾನ ನಿಲ್ದಾಣದಲ್ಲಿದ್ದಾರೆ.”

“ಪೆಟ್ರೋಲ್ ವಿಭಾಗದಲ್ಲಾ?” ಎಂದೆ.

“ಶೌಚಾಲಯ ವಿಭಾಗದಲ್ಲಿ. ಆದ್ರೂ ಒಳಗಿರೋ ಜನ.”

ನಮ್ಮವರು ಅದಕ್ಕೂ ಹೂಂ ಎಂದರು. ದೇವರ ದಯೆ, ಒಳಗಿರುವ ಜನರಿಗೆ ವಿಮಾನದ ಪೆಟ್ರೋಲು ಸಿಗಲಿಲ್ಲ.

ನಾನು ಸಾಹಿತ್ಯ ಓದಿದವಳು. ಇಂಜಿನ್ ನನ್ನ ವಿಷಯವಲ್ಲ. ಆದರೆ ಚಿಂತೆ ನನ್ನ ವಿಷಯ, ಮತ್ತು ಏನೂ ತಿಳಿಯದೆ ಚಿಂತಿಸುವುದು ನನಗೆ ಸೇರುವುದಿಲ್ಲ. ವಾರದ ಕೊನೆಗೆ ಗಲಿಹ್ ಪಿನಸ್ತಿಯನ್ನು ಬಿಡಲು ಬಂದಾಗ, ಅವನ ತಟ್ಟೆಗೆ ಕರಿದ ಬಾಳೆಹಣ್ಣು ಬಡಿಸುತ್ತಾ, ಸುಮ್ಮನೆ ತಿಳಿದುಕೊಳ್ಳಲು ಎಂಬಂತೆ ಕೇಳಿದೆ, “ಈ ತೊಂಬತ್ತೆಂಟಕ್ಕೆ ಬಲ ಜಾಸ್ತಿ ಅಲ್ವಾ ಮಗು?”

“ಎಲ್ರೂ ಹಾಗೇ ಅಂದ್ಕೊಳ್ತಾರೆ ಬು. ಬಲ ಅಲ್ಲ, ತಾಳ್ಮೆ ಜಾಸ್ತಿ.”

“ಪೆಟ್ರೋಲಿಗಾ?”

“ಹೂಂ. ಅಪ್ಪನ ಸ್ಕೂಟರ್ ಥರ ಹೆಡ್ ಅರೆಸಿದ್ರೆ ಒಳಗೆ ಜಾಗ ಕಡಿಮೆ ಆಗುತ್ತೆ. ಗಾಳಿ, ಪೆಟ್ರೋಲು ಎರಡನ್ನೂ ಜೋರಾಗಿ ಅದುಮುತ್ತೆ. ಅದುಮಿದಷ್ಟೂ ಬಿಸಿ. ಕಡಿಮೆ ನಂಬರಿಂದು ಆ ಬಿಸಿ ತಡೆಯಲ್ಲ. ಬೆಂಕಿ ತನ್ನ ಹತ್ರ ಬರೋವರೆಗೂ ಕಾಯದೆ ತಾನೇ ಹೊತ್ಕೊಂಡುಬಿಡುತ್ತೆ. ಕಟಕಟ ಅಂತ ಸದ್ದು ಬರುತ್ತೆ. ಏರಲ್ಲಿ ಹಾಗೇ ಓಡಿಸಿದ್ರೆ ಪಿಸ್ಟನ್ ಕರಗಿ ತೂತು ಬೀಳುತ್ತೆ, ಇಲ್ಲಾ ಹಿಡ್ಕೊಂಡುಬಿಡುತ್ತೆ.”

“ಹಿಡ್ಕೊಂಡ್ರೆ?”

“ಹಿಂದಿನ ಚಕ್ರ ಓಡ್ತಾ ಇದ್ದ ಹಾಗೇ ಗಕ್ ಅಂತ ನಿಂತ್ಹೋಗುತ್ತೆ.” ಗಲಿಹ್ ಬಾಳೆಹಣ್ಣು ಕಚ್ಚಿದ. “ಸಾದಾ ಇಂಜಿನ್‌ಗೆ ಇದ್ಯಾವುದೂ ಬೇಡ ಬು. ಅದು ಸಾದಾ ಕುಡ್ಕೊಂಡು ಸುಖವಾಗಿರುತ್ತೆ.”

ರಾತ್ರಿ ಮಲಗಿದಾಗ ಈ ಮಾತನ್ನು ತಿರುವಿಹಾಕಿದೆ. ಒತ್ತಡ ಹೆಚ್ಚಿದಲ್ಲಿ, ಸಮಯ ಬರುವ ಮೊದಲೇ ಹೊತ್ತಿಕೊಂಡು, ತನ್ನನ್ನು ಹೊತ್ತ ಇಂಜಿನ್ನನ್ನೇ ಸುಡುವ ಪೆಟ್ರೋಲು. ಪಕ್ಕದಲ್ಲಿ, ಎದುರಿಗಿದ್ದವರ ಪ್ರಶ್ನೆ ಮುಗಿಯುವ ಮೊದಲೇ ಹೂಂ ಎನ್ನುವ ನಮ್ಮವರು ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಮನುಷ್ಯರಿಗೂ ನಂಬರು ಕೊಡುವ ಬೋರ್ಡು ಇದ್ದಿದ್ದರೆ ಎಷ್ಟು ಸಂಸಾರಗಳು ಉಳಿಯುತ್ತಿದ್ದವೋ ಎನಿಸಿತು.

ನಮ್ಮವರು ಒಂದು ದಿನ ಬಂಕಿಗೆ ಹೋಗಿ ನಿಜವಾದ ತೊಂಬತ್ತೆಂಟನ್ನೇ ಹಾಕಿಸಿಕೊಂಡು ಬಂದರು. ಹೆಲ್ಮೆಟ್ಟಿನ ಪಟ್ಟಿ ಬಿಗಿಯಾಗಿ ಕಟ್ಟಿ, ಪಾಕ್ ಮರ್ದಿಯವರನ್ನು ಬೀದಿಯ ತುದಿಯಲ್ಲಿ ನಿಲ್ಲಿಸಿ, ಸ್ಕೂಟರ್ ಹತ್ತಿದರು. ಅದು ಎಂದಿನಂತೆ ನೀಲಿ ಹೊಗೆ ಬಿಡುತ್ತಾ, ಎಂದಿನಂತೆ ಪುಟಪುಟ ಎನ್ನುತ್ತಾ, ಎಂದಿನ ವೇಗದಲ್ಲಿ ಹೋಯಿತು. ಒಂದು ಕೋಳಿ ಅದನ್ನು ಹಿಂದೆ ಹಾಕಿತು.

“ಬುನೆ, ಮೋಸ,” ಎಂದರು ಒಳಗೆ ಬಂದು ನನಗೆ. “ನಂಬರ್ ಮಾತ್ರ ದೊಡ್ಡದು.”

“ನಮ್ಮ ಇಂಜಿನ್ ಸಾದಾ, ಪಾಕ್ನೆ. ಅದಕ್ಕೆ ಅದರ ಅಗತ್ಯಾನೇ ಇಲ್ಲ.”

“ಹೂಂ,” ಎಂದರು. ಆ ಹೂಂ ಗೋಡೆಗೆ ಹೇಳಿದ್ದು.

ಆಮೇಲೆ ಯು ಯಾತ್ಮಿಯ ಜೊತೆ ರಾಜಿಯಾಯಿತು. ರಾಜಿಯಲ್ಲಿ ಅವಳೊಂದು ಉಪಾಯ ಹೇಳಿಕೊಟ್ಟಳು: ಸಾದಾ ಪೆಟ್ರೋಲಿಗೆ ಬಟ್ಟೆ ಪೆಟ್ಟಿಗೆಯಲ್ಲಿ ಹಾಕುವ ನುಸಿಗುಳಿಗೆ ಕರಗಿಸಿದರೆ ನಂಬರು ತಾನಾಗಿಯೇ ಏರುತ್ತದಂತೆ, ಅವಳ ಗಂಡ ಬದುಕಿದ್ದಾಗ ಹಾಗೆಯೇ ಮಾಡಿ ಸೆಮರಾಂಗ್‌ವರೆಗೆ ಹೋಗಿ ಬಂದಿದ್ದನಂತೆ. ನಮ್ಮವರು ಅವಳ ಬಾಟಲಿಗಳನ್ನೆಲ್ಲ ಒಂದು ಬಿಳಿ ಕ್ಯಾನಿಗೆ ಸುರಿದು, ಟೂ ಸ್ಟ್ರೋಕಿಗೆ ಬೇಕಾದ ಆಯಿಲ್ ಬೆರೆಸಿ, ನುಸಿಗುಳಿಗೆ ಕರಗಿಸಿ, ಕ್ಯಾನಿನ ಮೇಲೆ ದಪ್ಪ ಅಕ್ಷರದಲ್ಲಿ ‘98’ ಎಂದು ಬರೆದು ಜಗುಲಿಯಲ್ಲಿ ಎದ್ದು ಕಾಣುವಂತೆ ಇಟ್ಟರು. ಆ ವಾರ ನಮ್ಮ ಸ್ಕೂಟರ್ ಹೋದಲ್ಲೆಲ್ಲ ಅಜ್ಜಿಯರ ಪೆಟ್ಟಿಗೆ ತೆರೆದ ವಾಸನೆ ಬರುತ್ತಿತ್ತು. ನಾನು ಸುಮ್ಮನಿದ್ದೆ. ನಮ್ಮ ಸಾದಾ ಇಂಜಿನ್ನಿಗೆ ಅದರಿಂದ ಅಪಾಯವಿಲ್ಲ, ಆ ಕ್ಯಾನಿನಿಂದ ಬೇರೆ ಯಾರಿಗೂ ಕುಡಿಸಬೇಕಾಗಿಲ್ಲ ಎಂದುಕೊಂಡಿದ್ದೆ.

ಸಮಾಧಿಗೆ ಹೋಗುವ ಭಾನುವಾರ ಬಂತು. ಗಲಿಹ್ ಮತ್ತು ಪಿನಸ್ತಿ ಅವನ ಬೈಕಿನಲ್ಲಿ ಅಪೆಮ್ ರೊಟ್ಟಿಯ ಬುಟ್ಟಿ, ಹೂವು, ಪೊರಕೆ ಹೊತ್ತು ಮೊದಲೇ ಬೆಟ್ಟಕ್ಕೆ ಹೋಗಿದ್ದರು. ಪಾಕ್ ಸುತೆಜೊ ಹೆಂಡತಿಯೊಡನೆ ನಮ್ಮ ಬೀದಿಗೆ ಬಂದಾಗ ಕಿಟಕಿಯ ಗಾಜುಗಳು ನಡುಗಿದವು. ಅದು ಸ್ಕೂಟರಿನ ಸದ್ದಲ್ಲ, ಸಿಟ್ಟು ನುಂಗಿಕೊಂಡ ಪ್ರಾಣಿಯೊಂದರ ಸದ್ದು. ಬೀದಿಯವರೆಲ್ಲ ಹೊರಗೆ ಬಂದರು. ಪಾಕ್ ಮರ್ದಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು.

“ಟ್ಯಾಂಕ್ ಖಾಲಿ ಆಗ್ತಾ ಬಂದಿದೆ,” ಎಂದರು ಪಾಕ್ ಸುತೆಜೊ ಹೆಲ್ಮೆಟ್ ತೆಗೆದು. “ಎಲ್ರೂ ಸಮಾಧಿಗೆ ಹೊರಟಿರೋ ರಷ್ಷು, ದಾರೀಲಿ ಎಲ್ಲೂ ತೊಂಬತ್ತೆಂಟು ಇಲ್ಲ. ಇಲ್ಲಿ ಬಂಕಲ್ಲಿ ಸಿಗುತ್ತಾ?”

“ಸಿಗಬಹುದು, ಊರಾಚೆ ದೊಡ್ಡ ಬಂಕಿಗೆ ಹೋಗಿ ಬನ್ನಿ,” ಎಂದು ನಾನು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ.

“ಬಂಕ್ ಯಾಕೆ ಪಾಕ್?” ಪಾಕ್ ಮರ್ದಿ ಎದೆಯುಬ್ಬಿಸಿ ಕ್ಯಾನಿನ ಕಡೆ ಕೈ ತೋರಿಸಿದರು. “ನಮ್ಮ ಬೀದಿಲೇ ಇದೆ!”

ಪಾಕ್ ಸುತೆಜೊ ಕ್ಯಾನ್ ನೋಡಿದರು. ‘98’ ನೋಡಿದರು. ಕಣ್ಣಲ್ಲಿ ನೀರಾಡಿತೆಂದೇ ಹೇಳಬೇಕು. “ಮನೇಲಿ ಸ್ಟಾಕ್ ಇಡ್ತೀರಾ! ಪಾಕ್ ಕುಂಚೊರೊ, ನನಗೆ ಸ್ವಲ್ಪ ಕೊಡಬಹುದಾ?”

ನಮ್ಮವರ ಬಾಯಿ ತೆರೆಯಿತು. ಅದು ಯಾವ ಕಡೆಗೆ ತೆರೆಯುತ್ತದೆಂದು ನಾನು ಉಸಿರು ಬಿಗಿಹಿಡಿದು ನೋಡಿದೆ.

“ಸ್ವಲ್ಪ ಯಾಕೆ,” ಎಂದರು ನಮ್ಮವರು ಕ್ಷೀಣವಾಗಿ. “ತುಂಬಿಸ್ಕೊಳ್ಳಿ.”

ಪಾಕ್ ಮರ್ದಿ ತಾವೇ ಕ್ಯಾನ್ ಎತ್ತಿ ಸುರಿದರು. ತನ್ನ ಪೆಟ್ರೋಲು ಅಂಬರಾವಾದ ಪ್ರಸಿದ್ಧ ಸ್ಕೂಟರಿನ ಹೊಟ್ಟೆ ಸೇರುವುದನ್ನು ಯು ಯಾತ್ಮಿ ಕೈಕಟ್ಟಿ ನಿಂತು ನೋಡಿದಳು. ಮೊಮ್ಮಗ ಸರ್ಕಾರಿ ನೌಕರಿಗೆ ಸೇರಿದಷ್ಟು ಹೆಮ್ಮೆ ಅವಳ ಮುಖದಲ್ಲಿತ್ತು.

ಹೇಳಿದರೆ ಮದುವೆ ಹೋಗುತ್ತದೆ. ಹೇಳದಿದ್ದರೆ ಪಿಸ್ಟನ್ ಹೋಗುತ್ತದೆ, ಅದರ ಹಿಂದೆಯೇ ಬು ಸುತೆಜೊ ಹೋಗುತ್ತಾರೆ. ಈ ಲೆಕ್ಕ ಮಾಡುತ್ತಾ ನಾನು ನಮ್ಮವರ ಹಿಂದೆ ಹತ್ತಿ ಕುಳಿತೆ.

ಊರು ದಾಟಿದ ಕೂಡಲೇ ಅವರ ಕಿವಿಗೆ ಹೇಳಿದೆ, “ಪಾಕ್ನೆ, ನಿಲ್ಲಿಸಿ ಹೇಳಿಬಿಡಿ. ಅವರ ಇಂಜಿನ್ ಸುಟ್ಟುಹೋಗುತ್ತೆ.”

“ಹೇಗೆ ಹೇಳ್ಲಿ ಬುನೆ? ತುಂಬಿಸಿದ್ದು ನಾವೇ.”

“ಅದಕ್ಕೇ ನಾವೇ ಹೇಳಬೇಕು.”

“ನುಸಿಗುಳಿಗೆ ಕೆಲಸ ಮಾಡಬಹುದು.”

“ಮಾಡದಿದ್ರೆ? ಹಿಂದೆ ಕೂತಿರೋದು ಪಿನಸ್ತಿ ಅತ್ತೆ ಆಗೋರು.”

ಅವರು ಗೇರ್ ಇಳಿಸಿದರು. ರಸ್ತೆ ಏರತೊಡಗಿತ್ತು. ಮೊದಲ ತಿರುವಿನಲ್ಲಿ ಮುಂದಿನ ಸ್ಕೂಟರಿನ ಗರ್ಜನೆಯೊಳಗೆ ಇನ್ನೊಂದು ಸಣ್ಣ ಸದ್ದು ಸೇರಿತು. ತಗಡಿನ ಡಬ್ಬಿಯಲ್ಲಿ ಹುಣಸೆ ಬೀಜ ಅಲ್ಲಾಡಿಸಿದಂತೆ. ಪಾಕ್ ಸುತೆಜೊ ತಲೆ ಒಂದಿಷ್ಟು ವಾಲಿಸಿದ್ದು ನನಗೆ ಕಂಡಿತು.

ನನಗೆ ತಿಳಿದದ್ದು ಒಂದೇ ಉಪಾಯ, ನಿಲ್ಲಿಸುವುದು. ನಿಂತಷ್ಟು ಹೊತ್ತು ಇಂಜಿನ್ ತಣ್ಣಗಾಗುತ್ತದೆ. ತಲೆ ಸುತ್ತುತ್ತದೆ ಎಂದು ಕೂಗಿ ನಿಲ್ಲಿಸಿದೆ. ಎಲ್ಲರೂ ಇಳಿದು ನನಗೆ ನೀಲಗಿರಿ ಎಣ್ಣೆ ಹಚ್ಚಿದರು. ಮತ್ತೆ ಹೊರಟು ಎರಡು ತಿರುವು ದಾಟಿದ ಮೇಲೆ ಮೋಡ ಸರಿದು ಬೆಟ್ಟದ ತುದಿ ಕಾಣುತ್ತಿದೆ, ಫೋಟೋ ತೆಗೆಯೋಣ ಎಂದೆ. ಬೆಟ್ಟದ ತುದಿ ಕಾಣುತ್ತಿರಲಿಲ್ಲ. ಜಾವಾದ ಸಭ್ಯತೆಯ ಮಹಿಮೆ ಎಂದರೆ, ಎಲ್ಲರೂ ಮೋಡದ ಮುಂದೆ ನಿಂತು ನಕ್ಕು ಫೋಟೋ ತೆಗೆಸಿಕೊಂಡರು.

ಬು ಸುತೆಜೊ ಮಾತ್ರ ಸುರಬಾಯಾದವರು. ಆ ಊರಿನವರು ಮನಸ್ಸಿನಲ್ಲಿದ್ದುದನ್ನು ಬಾಯಿಗೆ ಕಳಿಸುವಾಗ ನಡುವೆ ಎಲ್ಲೂ ನಿಲ್ಲಿಸುವುದಿಲ್ಲ.

“ಇದೇನ್ರೀ ನಾತ?” ಎಂದರು ಗಂಡನಿಗೆ. “ನಮ್ಮಜ್ಜಿ ಬಟ್ಟೆ ಪೆಟ್ಟಿಗೆ ಮೇಲೆ ಕೂತ್ಕೊಂಡು ಬೆಟ್ಟ ಹತ್ತಿದ ಹಾಗಿದೆ. ಆ ಕಟಕಟ ಏನು? ಬರುವಾಗ ಇರಲಿಲ್ಲ.”

“ಎತ್ತರಕ್ಕೆ ಬಂದ್ವಲ್ಲ,” ಎಂದರು ಪಾಕ್ ಸುತೆಜೊ.

“ಎತ್ತರಕ್ಕೆ ಬಂದ್ರೆ ನುಸಿಗುಳಿಗೆ ವಾಸನೆ ಬರುತ್ತಾ?”

“ಶ್ಶ್.”

ಕೊಪೆಂಗ್ ದಾಟಿ, ಅಜ್ಜನ ಸಮಾಧಿಯಿರುವ ಹಳ್ಳಿಗೆ ಹೋಗುವ ಕಡಿದಾದ ಏರಿನ ಬುಡದಲ್ಲಿ ಜೋಳದ ತೆನೆ ಸುಡುವ ಗೂಡಂಗಡಿಯೊಂದಿದೆ. ನಾನು ಜೋಳ ಬೇಕೆಂದು ಮೂರನೆಯ ಬಾರಿ ನಿಲ್ಲಿಸಿದೆ. ಪಾಕ್ ಸುತೆಜೊ ಇಂಜಿನ್ ಆರಿಸಿದರು. ಅದು ಆರಲಿಲ್ಲ. ಕೀಲಿ ತೆಗೆದ ಮೇಲೂ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಮುದುಕನಂತೆ ಖೊಕ್ ಖೊಕ್ ಎಂದು ಅಲುಗಿ ಆಮೇಲೆ ನಿಂತಿತು. ಅವರು ಸಿಲಿಂಡರಿನ ಮೇಲೆ ಎರಡು ಹನಿ ನೀರು ಚಿಮುಕಿಸಿದರು. ನೀರು ಚುರ್ರೆಂದು ಹಾರಿತು. ಮುಖದಲ್ಲಿ ಏನನ್ನೂ ತೋರಿಸದೆ ಜೋಳ ತಿಂದರು. ತೆನೆಯನ್ನು ಪೂರ್ತಿ ಮುಗಿಸಿ, ಕೈ ತೊಳೆದು, ನಮ್ಮವರ ಹತ್ತಿರ ಬಂದು, ಬಹಳ ಮೆಲ್ಲಗೆ ಕೇಳಿದರು:

“ಪಾಕ್, ಮುಂದಿನ ಏರು ತುಂಬಾ ಕಡಿದು. ನಡುವೆ ನಿಲ್ಲಿಸೋಕೆ ಜಾಗ ಇಲ್ಲ. ನಿಮ್ಮ ತೊಂಬತ್ತೆಂಟನ್ನ ನಂಬಿ ಪೂರ್ತಿ ರೇಸ್ ಕೊಡ್ಲಾ?”

ಪ್ರಶ್ನೆ ಹೇಗಿತ್ತೆಂದರೆ ಹೂಂ ಎಂದರೆ ಸಾಕು. ಬು ಸುತೆಜೊ ಆಗಲೇ ಸೀಟಿನ ಮೇಲೆ ಕುಳಿತು, ಸರೋಂಗನ್ನು ಕಾಲಿನ ಸುತ್ತ ಸಿಕ್ಕಿಸಿಕೊಳ್ಳುತ್ತಿದ್ದರು. “ಬೇಗ ಹೇಳಿ ಮಾರಾಯ್ರೆ, ಮಕ್ಕಳು ಮೇಲೆ ಹಸ್ಕೊಂಡು ಕಾಯ್ತಿವೆ.”

ನಮ್ಮವರು ಅವರ ಕಾಲಿನ ಕಡೆ ನೋಡಿದರು. ಹೊಸ ಚಪ್ಪಲಿ, ಬೀಗರ ಮನೆಯ ಹಿರಿಯರ ಸಮಾಧಿಗೆಂದು ಕೊಂಡದ್ದಿರಬೇಕು. ಆಮೇಲೆ ಏರನ್ನು ನೋಡಿದರು.

“ಬೇಡ,” ಎಂದರು.

ಜೋಳದವನ ಬೀಸಣಿಗೆ ನಿಂತಿತು. ಮದುವೆಯಾದಂದಿನಿಂದ ಈ ಮನುಷ್ಯನ ಬಾಯಲ್ಲಿ ಹೊರಗಿನವರೆದುರು ನಾನು ಕೇಳಿದ ಮೊದಲ ‘ಬೇಡ’ ಅದು.

“ಬೇಡ ಅಂದ್ರೆ?”

“ಅದು ತೊಂಬತ್ತೆಂಟಲ್ಲ ಪಾಕ್. ನಮ್ಮಕ್ಕನ ಅಂಗಡಿ ಬಾಟ್ಲಿದು.”

“ಮತ್ತೆ ಈ ವಾಸನೆ?”

“ನುಸಿಗುಳಿಗೆ.”

“ಅದನ್ನೇ ನಾನು ಕೆಳಗಿನಿಂದ ಬಡ್ಕೊಳ್ತಾ ಇದ್ದೀನಿ!” ಎಂದರು ಬು ಸುತೆಜೊ, ಸೀಟಿನಿಂದ ಇಳಿದು.

ಪಾಕ್ ಸುತೆಜೊ ಮಾತ್ರ ದನಿ ಏರಿಸಲಿಲ್ಲ. “ನಿಮ್ಮ ಹೆಡ್ ಅರೆಸಿದ್ದು?”

“ಅರೆಸಿಲ್ಲ.”

“ಪೋರ್ಟ್?”

“ಅದು ಎಲ್ಲಿರುತ್ತೆ ಅಂತಾನೇ ಗೊತ್ತಿಲ್ಲ.”

“ಕಾರ್ಬೊರೇಟರ್?”

“ಅದೂ ಗೊತ್ತಿಲ್ಲ ಪಾಕ್. ಹಲಸಿನಕಾಯಿಯಷ್ಟು ಅಂತ ಕೈಗೆ ಹೇಗೆ ಬಂತೋ. ನೀವು ಅಷ್ಟು ಸಂತೋಷವಾಗಿ ಕೇಳ್ತಿದ್ರಿ. ಇಲ್ಲ ಅನ್ನೋಕೆ ಮನಸ್ಸು ಬರಲಿಲ್ಲ.”

ಪಾಕ್ ಸುತೆಜೊ ಸ್ಕೂಟರಿನ ಪೆಟ್ಟಿಗೆಯಿಂದ ಸ್ಪ್ಯಾನರ್ ತೆಗೆದು, ಬಟ್ಟೆ ಸುತ್ತಿಕೊಂಡು, ಬಿಸಿ ಪ್ಲಗ್ ಬಿಚ್ಚಿದರು. ಅದನ್ನು ಬೆಳಕಿಗೆ ಹಿಡಿದು ನನ್ನನ್ನು ಕರೆದರು. ಬಿಳಿ ಪಿಂಗಾಣಿಯ ಮೇಲೆ ಬೆ‍ಳ್ಳಿಯ ಪುಡಿ ಉದುರಿಸಿದಂತೆ ಸಣ್ಣ ಸಣ್ಣ ಹೊಳೆಯುವ ಕಣಗಳಿದ್ದವು.

“ಚೆನ್ನಾಗಿದೆ ಅಲ್ವಾ ಬು? ಇದು ನನ್ನ ಪಿಸ್ಟನ್. ಕರಗಿ ಇಲ್ಲಿಗೆ ಬಂದಿದೆ. ಈ ಏರು ಹತ್ತಿದ್ರೆ ಉಳಿದಿದ್ದೂ ಬರ್ತಿತ್ತು.”

“ನಿಮಗೆ ಯಾವಾಗ ಗೊತ್ತಾಯ್ತು?” ಎಂದು ಬು ಸುತೆಜೊ ಗಂಡನನ್ನು ಕೇಳಿದರು.

“ಮೊದಲನೇ ತಿರುವಲ್ಲೇ.”

“ಮತ್ತೆ ಯಾಕೆ ಬಾಯಿ ಬಿಡಲಿಲ್ಲ?”

“ಅವರು ಪ್ರೀತಿಯಿಂದ ತುಂಬಿಸಿಕೊಟ್ಟಿದ್ದು. ನಿಮ್ಮ ಪೆಟ್ರೋಲ್ ಸರಿಯಿಲ್ಲ ಅಂತ ಹೇಗೆ ಹೇಳೋದು?”

“ಚಕ್ರ ಹಿಡ್ಕೊಂಡು ನಾನು ಕಣಿವೆಗೆ ಬಿದ್ದಿದ್ರೆ?”

ಪಾಕ್ ಸುತೆಜೊ ಯೋಚಿಸಿದರು. “ಬಿದ್ದಿದ್ರೆ ಹೇಳ್ತಿದ್ದೆ.”

ಬು ಸುತೆಜೊ ನನ್ನ ಕಡೆ ತಿರುಗಿದರು. ನಾನು ಅವರ ಕಡೆ ನೋಡಿದೆ. ಒಂದೇ ಬಗೆಯ ಕಾಯಿಲೆಯ ರೋಗಿಗಳನ್ನು ನೋಡಿಕೊಳ್ಳುವ ಇಬ್ಬರು ಆಸ್ಪತ್ರೆಯಲ್ಲಿ ಭೇಟಿಯಾದಂತೆ ಇತ್ತು.

ಬೆಟ್ಟ ಹತ್ತಲು ಉಳಿದದ್ದು ನಮ್ಮ ಸಾದಾ ಸ್ಕೂಟರ್ ಒಂದೇ. ಅದಕ್ಕೆ ನುಸಿಗುಳಿಗೆಯೂ ಒಂದೇ, ತೊಂಬತ್ತೆಂಟೂ ಒಂದೇ. ನಮ್ಮವರು ಒಬ್ಬೊಬ್ಬರನ್ನೇ ಮೇಲೆ ಬಿಟ್ಟು ಬರುವುದೆಂದಾಯಿತು. ಮೊದಲು ಬು ಸುತೆಜೊ ಹೋದರು. ನಾನು ಪಾಕ್ ಸುತೆಜೊ ಜೊತೆ ಗೂಡಂಗಡಿಯ ಬೆಂಚಿನ ಮೇಲೆ ಉಳಿದೆ. ಅವರು ಪ್ಲಗ್ಗನ್ನು ಬೆರಳುಗಳ ನಡುವೆ ತಿರುಗಿಸುತ್ತಾ ಕುಳಿತಿದ್ದರು. ಸಂಘದಿಂದ ಆಚೆ ಹಾಕಿದ ಆ ಮನುಷ್ಯನ ಮುಖ ಹೇಗಿದ್ದಿರಬಹುದೆಂದು ನಾನು ಊಹಿಸುತ್ತಿದ್ದೆ.

“ಪಾಕ್, ಇನ್ನೊಂದು ಜೋಳ?”

“ಬೇಡ ಬು.”

ಅವರಿಗೂ ಬೇಡ ಎನ್ನಲು ಬರುತ್ತದೆ. ಇನ್ನು ಮದುವೆಗೂ ಬೇಡ ಎಂದುಬಿಟ್ಟರೆ?

ಮೇಲೆ ಸಮಾಧಿಯ ಸುತ್ತ ದೇವಕಣಗಿಲೆ ಮರದ ಹೂ ಉದುರಿತ್ತು. ಮಕ್ಕಳು ಆಗಲೇ ಗುಡಿಸಿ, ಚಾಪೆ ಹಾಸಿ, ಅಪೆಮ್ ಬುಟ್ಟಿ ಇಟ್ಟಿದ್ದರು. ಎಲ್ಲರ ಮುಖ ನೋಡಿ ಪಿನಸ್ತಿಗೆ ಏನೋ ಆಗಿದೆ ಎಂದು ಗೊತ್ತಾಯಿತು. ಅವಳು ಗಲಿಹ್‌ನಿಂದ ಸ್ವಲ್ಪ ದೂರ ಸರಿದು ಕುಳಿತಳು. ಆ ಸ್ವಲ್ಪ ದೂರವನ್ನು ನೋಡಲು ನನ್ನಿಂದ ಆಗಲಿಲ್ಲ.

ಬಂದವರನ್ನು ಹಿರಿಯರಿಗೆ ಪರಿಚಯಿಸುವುದು ಮನೆಯ ಯಜಮಾನರ ಕೆಲಸ. ಪ್ರಾರ್ಥನೆ ಮುಗಿದ ಮೇಲೆ ನಮ್ಮವರು ಸಮಾಧಿಯ ಹತ್ತಿರ ಮಂಡಿಯೂರಿ, ಅಜ್ಜನಿಗೆ ಕೇಳಿಸುವಷ್ಟು ದನಿಯಲ್ಲಿ ಹೇಳಿದರು:

“ಅಜ್ಜ, ಇವರು ಅಂಬರಾವಾದ ಪಾಕ್ ಸುತೆಜೊ. ಪಿನಸ್ತಿಯನ್ನ ತಮ್ಮ ಮಗನಿಗೆ ಕೇಳೋಕೆ ಬಂದಿದ್ರು. ನಾನು ಇವರಿಗೆ ಸುಳ್ಳು ಹೇಳಿ, ಕೆಟ್ಟ ಪೆಟ್ರೋಲ್ ಹಾಕಿ, ಇಂಜಿನ್ ಹಾಳು ಮಾಡಿದೆ. ಈಗ ಇವರ ಮನಸ್ಸು ಏನಿದೆಯೋ ನನಗೆ ಗೊತ್ತಿಲ್ಲ. ಹುಡುಗೀದು ಏನೂ ತಪ್ಪಿಲ್ಲ ಅಂತ ಮಾತ್ರ ನಿಮ್ಮ ಮುಂದೆ ಹೇಳ್ತೀನಿ.”

ಪಾಕ್ ಸುತೆಜೊ ಗಂಟಲು ಸರಿಮಾಡಿಕೊಂಡು, ಅವರೂ ಸಮಾಧಿಗೇ ಹೇಳಿದರು:

“ಅಜ್ಜ, ಮದುವೇನ ರಂಜಾನ್ ಹಬ್ಬ ಮುಗಿದ ಮುಂದಿನ ತಿಂಗಳು ಇಟ್ಕೊಳ್ಳೋಣ ಅಂತಿದ್ದೀನಿ. ನನ್ನ ಸ್ಕೂಟರ್ ಅಷ್ಟರಲ್ಲಿ ರೆಡಿ ಆಗಲ್ಲ. ಹುಡುಗ ನಿಮ್ಮ ಮನೆ ಸ್ಕೂಟರ್ ಮೇಲೇ ಬರಲಿ. ಅದು ಏನು ಹಾಕಿದ್ರೂ ಹತ್ತುತ್ತೆ.”

ಪಿನಸ್ತಿ ತಲೆ ತಗ್ಗಿಸಿ ಹೂವಿನ ಎಸಳು ಕೀಳುತ್ತಿದ್ದಳು. ಗಲಿಹ್ ಸರಿದು ಹತ್ತಿರ ಕುಳಿತ. ಬು ಸುತೆಜೊ ಮೂಗು ಒರೆಸಿಕೊಂಡು ಅಪೆಮ್ ಹಂಚತೊಡಗಿದರು. ನನ್ನ ಕೈಗೆ ಬಂದ ಅಪೆಮ್‌ಗೆ ಯಾವ ರುಚಿ ಇತ್ತೆಂದು ಈಗಲೂ ನೆನಪಿಲ್ಲ, ಮೂರು ತಿಂದೆನೆಂದು ಆಮೇಲೆ ಮಗಳು ಹೇಳಿದಳು.

ಹೊರಡುವಾಗ ಪಾಕ್ ಸುತೆಜೊ ಹೆಲ್ಮೆಟ್ ಹಾಕಿಕೊಂಡು ನಮ್ಮ ಸ್ಕೂಟರಿನ ಹಿಂದಿನ ಸೀಟು ಹತ್ತಿ ಕುಳಿತರು. “ನಡೀರಿ ಪಾಕ್. ಇಳಿಜಾರಿಗೆ ಯಾವ ಪೆಟ್ರೋಲಾದ್ರೇನು.”

ನಮ್ಮವರು ಹ್ಯಾಂಡಲ್ ಹಿಡಿದು ನಿಂತರು, ಹತ್ತಲಿಲ್ಲ. “ಪಾಕ್, ಒಂದು ಮಾತು.”

“ಹೇಳಿ.”

“ಬೆಳಿಗ್ಗೆಯಿಂದ ಬ್ರೇಕ್ ಸರಿಯಾಗಿ ಹಿಡೀತಾ ಇಲ್ಲ. ಹತ್ತುವಾಗ ಬೇಕಾಗಿರಲಿಲ್ಲ, ಒಬ್ಬನೇ ಇಳಿಯುವಾಗ ಕಾಲು ಊರಿ ಊರಿ ಬಂದೆ, ಅದಕ್ಕೇ ಹೇಳಲಿಲ್ಲ.”

ಇಡೀ ದಾರಿ ನಾನು ಮುಂದಿನ ಸ್ಕೂಟರಿನ ಪೆಟ್ರೋಲಿಗಾಗಿ ಉಸಿರು ಬಿಗಿಹಿಡಿದು ಬಂದಿದ್ದೆ. ಬ್ರೇಕಿಲ್ಲದ ಸ್ಕೂಟರಿನ ಮೇಲೆ ಕುಳಿತು ಚಿಂತೆಯನ್ನೆಲ್ಲ ತಪ್ಪು ಗಾಡಿಗೆ ಖರ್ಚು ಮಾಡಿದ್ದಕ್ಕೆ ನನಗೆ ನನ್ನ ಮೇಲೇ ಸಿಟ್ಟು ಬಂತು.

ಪಾಕ್ ಸುತೆಜೊ ನಿಧಾನವಾಗಿ ಸೀಟಿನಿಂದ ಇಳಿದರು. ಬು ಸುತೆಜೊ ನೇರ ಮಗನ ಬೈಕಿನ ಹಿಂದೆ ಕುಳಿತು ಹೋಗಿಬಿಟ್ಟರು. ಉಳಿದವರು ನಡೆದೇ ಇಳಿದೆವು. ಇಬ್ಬರು ಗಂಡಸರು ಸ್ಕೂಟರಿನ ಎರಡು ಬದಿಗೆ ನಿಂತು, ಅದು ಜಾರಿ ಓಡದಂತೆ ಹಿಂದಕ್ಕೆ ಜಗ್ಗಿ ಹಿಡಿದು ನಡೆದರು. ಖಾಲಿ ಬುಟ್ಟಿ ಹೊತ್ತು ನಾನು, ಪಿನಸ್ತಿ ಹಿಂದೆ.

ಒಂದು ತಿರುವು ದಾಟಿದ ಮೇಲೆ ಪಾಕ್ ಸುತೆಜೊ ಏದುಸಿರಿನ ನಡುವೆ ಕೇಳಿದರು, “ಪಾಕ್, ಹೇಳೋದು ಇನ್ನೂ ಏನಾದ್ರೂ ಇದೆಯಾ?”

ನಮ್ಮವರು ತಕ್ಷಣ ಬಾಯಿ ತೆರೆಯಲಿಲ್ಲ.

“ಇದೆ,” ಎಂದರು.

“ಹಾಗಾದ್ರೆ ಮೆಲ್ಲಗೆ ನಡೀರಿ,” ಎಂದರು ಪಾಕ್ ಸುತೆಜೊ, ಸ್ಕೂಟರನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡು. “ಇಳಿಜಾರು ಉದ್ದ ಇದೆ.”